ಲಾಹೋರಿನ ಆ ಮನೆ

16 ಡಿಸೆಂಬರ್ 2024, ಸೋಮವಾರ

ಇವತ್ತು ವಿಜಯ ದಿವಸ. ಬೆಳಗ್ಗೆಯಿಂದ ಟಿವಿಯಲ್ಲಿ ಢಾಕಾದ ಶರಣಾಗತಿಯ ಫೋಟೋ. ನನಗೆ ಮಾತ್ರ ಈ ದಿನ ನೆನಪಾಗುವುದು ಪಶ್ಚಿಮದ ಗಡಿ. ಶಕರ್‌ಗಢದ ಹತ್ತಿರ ಬಸಂತರ್ ನದಿ, ಜರ್ಪಾಲ್ ಅನ್ನುವ ಊರು. 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಇದೇ ದಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಅಲ್ಲಿ ತೀರಿಕೊಂಡ.

ವಯಸ್ಸು 21 ವರ್ಷ, ಎರಡು ತಿಂಗಳು. ಪೂನಾ ಹಾರ್ಸ್ ಅನ್ನುವ ಟ್ಯಾಂಕ್ ರೆಜಿಮೆಂಟಿಗೆ ಸೇರಿ ಬರೀ ಆರು ತಿಂಗಳಾಗಿತ್ತು. ನನ್ನ ಮಗನಿಗೂ ಈಗ 21. ಅದಕ್ಕೇ ಇರಬೇಕು, ಈ ವರ್ಷ ಜಾಸ್ತಿ ಕಾಡುತ್ತಿದೆ.

ಅಹ್ಮದ್‌ನಗರದಲ್ಲಿ ಕೋರ್ಸ್ ಮಾಡುತ್ತಿದ್ದವನಿಗೆ ರೆಜಿಮೆಂಟಿನಿಂದ ಕರೆ ಬಂತು. ಹೋಗುವ ದಾರಿಯಲ್ಲಿ ದೆಹಲಿಯ ಮನೆಗೆ ಬಂದ. ಗಾಲ್ಫ್ ಕೋಲುಗಳನ್ನೂ ಸಮಾರಂಭದ ನೀಲಿ ಯೂನಿಫಾರ್ಮನ್ನೂ ಕಟ್ಟಿಕೊಂಡ. ಲಾಹೋರಿನಲ್ಲಿ ಗಾಲ್ಫ್ ಆಡ್ತೀನಿ, ಗೆದ್ದ ಮೇಲೆ ಊಟಕ್ಕೆ ಈ ಯೂನಿಫಾರ್ಮ್ ಬೇಕಲ್ವಾ ಅಂದನಂತೆ. ಎಷ್ಟು ಚಿಕ್ಕ ಹುಡುಗ!

ಅವನ ಸೆಂಚುರಿಯನ್ ಟ್ಯಾಂಕಿನ ಹೆಸರು ಫಾಮಗುಸ್ತಾ. ಅದಕ್ಕೆ ಬೆಂಕಿ ಹತ್ತಿದಾಗ ಬಿಟ್ಟು ಬಾ ಅಂತ ರೇಡಿಯೋದಲ್ಲಿ ಆದೇಶ ಬಂತು. ಗನ್ ಇನ್ನೂ ಕೆಲಸ ಮಾಡುತ್ತಿದೆ, ಟ್ಯಾಂಕ್ ಬಿಡಲ್ಲ ಅಂದ. ಅವನು ಕೊನೆಯದಾಗಿ ಹೊಡೆದ ಶತ್ರು ಟ್ಯಾಂಕ್ ನೂರು ಮೀಟರ್ ದೂರದಲ್ಲಿತ್ತು, ಅಷ್ಟೇ.

ಮರುದಿನ ಕದನವಿರಾಮ. ಮನೆಯಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟರು. ಮಗ ಇನ್ನೇನು ಬರ್ತಾನೆ ಅಂತ ತಾಯಿ ಮಹೇಶ್ವರಿ ಅವನ ಕೋಣೆ ಗುಡಿಸಿ, ಬೈಕ್ ಸರ್ವೀಸ್ ಮಾಡಿಸಿ ಇಟ್ಟರಂತೆ. ಆಮೇಲೆ ಬಂದಿದ್ದು ಟೆಲಿಗ್ರಾಂ. ಪರಮವೀರ ಚಕ್ರ ಎಲ್ಲ ಆಮೇಲಿನ ಮಾತು. ಆ ಸರ್ವೀಸ್ ಆದ ಬೈಕ್ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ತಂದೆ ಎಂ.ಎಲ್. ಖೇತರ್‌ಪಾಲ್ ಕೂಡ ಸೇನೆಯವರೇ, ಬ್ರಿಗೇಡಿಯರ್. ಸರ್ಗೋಧಾ ಅವರ ಹುಟ್ಟೂರು. ದೇಶ ಒಡೆದಾಗ ಅದು ಆ ಕಡೆಗೆ ಹೋಯಿತು. 2001ರಲ್ಲಿ, 81ನೇ ವಯಸ್ಸಿನಲ್ಲಿ, ಊರು ನೋಡಬೇಕು ಅಂತ ಹೊರಟರು. ಲಾಹೋರಿನಲ್ಲಿ ಅವರನ್ನು ಮನೆಯಲ್ಲಿ ಉಳಿಸಿಕೊಂಡವರು ಪಾಕಿಸ್ತಾನದ ನಿವೃತ್ತ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸಿರ್. ತುಂಬ ಚೆನ್ನಾಗಿ ನೋಡಿಕೊಂಡರು. ಹೊರಡುವ ಹಿಂದಿನ ರಾತ್ರಿ ಅವರೇ ಬಾಯಿ ಬಿಟ್ಟು ಹೇಳಿದರು, ನಿಮ್ಮ ಮಗ ಸತ್ತದ್ದು ನನ್ನ ಕೈಯಿಂದ ಅಂತ. ಬಸಂತರ್‌ನಲ್ಲಿ ಪಾಕಿಸ್ತಾನದ ಟ್ಯಾಂಕ್ ರೆಜಿಮೆಂಟ್ 13 ಲ್ಯಾನ್ಸರ್ಸ್ ಕಡೆಯಿಂದ ಎದುರಿಗೆ ನಿಂತಿದ್ದ ಮೇಜರ್ ಅವರೇ.

ಅದೇ ಮನೆ, ಅದೇ ಹಾಸಿಗೆ. ಆ ರಾತ್ರಿ ಆ ಮುದುಕ ತಂದೆ ದೀಪ ಆರಿಸಿ ಹೇಗೆ ಮಲಗಿದರೋ! ಹೇಳಿದವರಿಗಾದರೂ ನಿದ್ದೆ ಬಂದಿತಾ?

ಆಮೇಲೆ ನಾಸಿರ್ ಒಂದು ಫೋಟೋ ಕಳಿಸಿದರು. ಅದರ ಮೇಲೆ ಅರುಣ್‌ನನ್ನು 'ಶಹೀದ್' ಅಂತ ಬರೆದಿದ್ದರು. ತಮ್ಮ ದಾಳಿಗೆ ಬಂಡೆಯ ಹಾಗೆ ಅಡ್ಡ ನಿಂತವನು ಅಂತಲೂ.

ಸಂಜೆ ಮಗ ಬೈಕ್ ಕೀ ತಗೊಂಡು ಹೊರಟ. ನಾನು ಗೇಟಿನವರೆಗೂ ಹೋದೆ.

"ಏನಮ್ಮಾ?" ಅಂದ.

"ಏನಿಲ್ಲ, ಸುಮ್ನೆ" ಅಂದೆ.