ಜಿಸಿಸಿ 14.0 ಎಲ್ಲಿ ಹೋಯ್ತು?

"ಸಾರ್, ಜಿಸಿಸಿ 14.0 ಎಲ್ಲೂ ಸಿಗ್ತಿಲ್ಲ. ಶುರುವಾಗೋದೇ 14.1ರಿಂದ. ಏನಾದ್ರೂ ಎಡವಟ್ಟಾಗಿ ವಾಪಸ್ ತಗೊಂಡ್ರಾ?"

ಇಲ್ಲ. ಸಿ, ಸಿ++ ಕೋಡನ್ನು ಓಡುವ ಪ್ರೋಗ್ರಾಂ ಮಾಡಿಕೊಡುವ ಈ ಕಂಪೈಲರಿನ 14.0 ಬಿಡುಗಡೆಯೇ ಆಗಿಲ್ಲ. ಆಗುವುದೂ ಇಲ್ಲ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

2015ರಲ್ಲಿ 5.1 ಬಂದಾಗಿನಿಂದ ಜಿಸಿಸಿಯ ಲೆಕ್ಕ ಹೀಗಿದೆ. ಹೊಸ ಕೆಲಸ ನಡೆಯುತ್ತಿರುವಾಗ ಅದು 14.0.0. ಬಿಡುಗಡೆ ಹತ್ತಿರವಾಗಿ ಬರೀ ಬಗ್ ತಿದ್ದುವ ಹಂತಕ್ಕೆ ಬಂದರೆ 14.0.1. ಜನರ ಕೈಗೆ ಬರುವುದು 14.1.0. ಆಮೇಲೆ ಅದಕ್ಕೆ ತಿದ್ದುಪಡಿ ಸೇರುತ್ತಿರುವಾಗ 14.1.1, ಅವೆಲ್ಲ ಒಟ್ಟಿಗೆ ಹೊರಬಂದಾಗ 14.2.0. ಮಧ್ಯದ ಅಂಕಿ ಸೊನ್ನೆಯಾಗಿದ್ದರೆ ಅನ್ನ ಇನ್ನೂ ಬೆಂದಿಲ್ಲ ಅಂತ ಅರ್ಥ. ಬಗ್ ಇದೆ ಅಂತ ಯಾರಾದರೂ ನಂಬರ್ ಕಳಿಸಿದರೆ ಅವರ ಹತ್ತಿರ ಇರುವುದು ಯಾವ ಹಂತದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಇನ್ನೊಂದು ಕಂಪೈಲರ್ ಯೋಜನೆಯಾದ ಎಲ್‌ಎಲ್‌ವಿಎಂನವರೂ 2024ರಲ್ಲಿ 18.1ರಿಂದ ಇದೇ ದಾರಿ ಹಿಡಿದರು.

ಇದನ್ನೇ ಕೆಲವರು ಬೇರೆ ಥರ ಕೇಳುತ್ತಾರೆ: "ವರ್ಷಕ್ಕೊಂದು ದೊಡ್ಡ ನಂಬರ್, ಎಲ್ಲ ಸುಮ್ನೆ ಮಾರ್ಕೆಟಿಂಗ್ ಅಲ್ವಾ?" ಬಿಟ್ಟಿ ಸಿಗುವ ಕಂಪೈಲರ್‌ಗೆ ಎಂಥ ಮಾರ್ಕೆಟಿಂಗ್ ಮಾರಾಯರೇ! 2005ರಲ್ಲಿ 4.0 ಬಂತು, 2014ರಲ್ಲಿ 4.9. ಆ ನಡುವೆ ಸಿ++ ಭಾಷೆಯ ಹೊಸ ಆವೃತ್ತಿ ಸಿ++11 ಬಂತು. ಕಂಪೈಲರಿನ ಸ್ವಂತ ಕೋಡೇ ಸಿಯಿಂದ ಸಿ++ಗೆ ಹೊರಳಿತು. ಆ 4 ಮಾತ್ರ ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ. ಏನೂ ಹೇಳದ ಅಂಕಿಯನ್ನು ಯಾಕೆ ಹೊತ್ತು ತಿರುಗಬೇಕು?

10 ಬಂದಾಗಿನ ಗಲಾಟೆ ನೆನಪಾದರೆ ಈಗಲೂ ತಲೆ ಬಿಸಿಯಾಗುತ್ತದೆ. ಒಬ್ಬರ ಬಿಲ್ಡ್ ಸ್ಕ್ರಿಪ್ಟ್ "ಕಂಪೈಲರ್ ತುಂಬಾ ಹಳೆಯದು, ಕನಿಷ್ಠ 9 ಬೇಕು" ಅಂತ ಹೇಳಿ ನಿಂತುಬಿಟ್ಟಿತ್ತು. ಒಳಗೆ ನೋಡಿದರೆ ವರ್ಷನ್‌ಗಳನ್ನು ಅಕ್ಷರಗಳ ಹಾಗೆ ಹೋಲಿಸುತ್ತಿದ್ದರು. '1' ಅನ್ನುವ ಅಕ್ಷರ '9'ಕ್ಕಿಂತ ಮೊದಲು ಬರುತ್ತದಲ್ಲ, ಹಾಗಾಗಿ 10 ಚಿಕ್ಕದು! ಅವರ ಕೋಪ ಮಾತ್ರ ಜಿಸಿಸಿ ಮೇಲೆ. "ಇಷ್ಟು ಬೇಗ ಏರಿಸಿದ್ರೆ ಹೀಗೇ ಆಗೋದು" ಅಂದರು. ಒಂಬತ್ತಾದ ಮೇಲೆ ಹತ್ತು ಬರುತ್ತದೆ ಅನ್ನುವುದು ಯಾರಿಗೂ ಗೊತ್ತಿರದ ಗುಟ್ಟಾಗಿತ್ತೇ?

ಇಂಥ ತಪಾಸಣೆಗಳ ಕಾಟ ಎಷ್ಟಿದೆ ಅಂದರೆ, ಲಿನಕ್ಸ್‌ನಲ್ಲಿ ಎಲ್‌ಎಲ್‌ವಿಎಂನವರ ಕಂಪೈಲರ್ ಕ್ಲ್ಯಾಂಗ್ ಇವತ್ತಿಗೂ ಪ್ರೋಗ್ರಾಂಗಳ ಮುಂದೆ "ನಾನು ಜಿಸಿಸಿ 4.2.1" ಅಂತಲೇ ವೇಷ ಹಾಕುತ್ತದೆ.

ನಂಬರ್ ಯಾಕೆ ಏರಿತು ಅನ್ನುವುದನ್ನು ಬಿಟ್ಟು "ನನ್ನ ಹಳೇ ಕೋಡಿನ ಗತಿ ಏನು?" ಅಂತ ಯಾರಾದರೂ ಕೇಳಬಾರದೇ! ಅಲ್ಲಿ ಹೇಳೋಕೆ ಜಾಸ್ತಿ ಇದೆ. 10ರಲ್ಲಿ, ಹಲವು ಫೈಲ್‌ಗಳು ಸೇರಿಸಿಕೊಳ್ಳುವ ಹೆಡರ್‌ನಲ್ಲಿ 'ಎಕ್ಸ್‌ಟರ್ನ್' ಹಾಕದೆ ಗ್ಲೋಬಲ್ ವೇರಿಯಬಲ್ ಬರೆದಿದ್ದ ಸಿ ಕೋಡ್ ಲಿಂಕ್ ಆಗದೆ ಕೂತಿತು. 14ರಲ್ಲಿ, ಘೋಷಿಸದ ಫಂಕ್ಷನ್ ಕರೆದರೆ ಮೊದಲು ಬರುತ್ತಿದ್ದ ವಾರ್ನಿಂಗ್ ಸೀದಾ ಎರರ್ ಆಯಿತು. ಆದರೆ ಪ್ರೋಗ್ರಾಂಗಳು ಓಡುವಾಗ ಹುಡುಕುವ ಸಿ++ ಲೈಬ್ರರಿಯ ಫೈಲ್ ಹೆಸರು (libstdc++.so.6) ನೋಡಿ: ಕೊನೆಯ ಅಂಕಿ 6. 2004ರಿಂದಲೂ 6. 5.1ರಲ್ಲಿ ಸ್ಟ್ರಿಂಗ್‌ನ ಒಳರಚನೆ ಬದಲಾದಾಗಲೂ ಹಳೆಯದನ್ನೂ ಹೊಸದನ್ನೂ ಒಂದೇ ಲೈಬ್ರರಿಯಲ್ಲಿ ಇಟ್ಟು ಆ 6 ಉಳಿಸಿಕೊಂಡರು. ಹಳೇ ಪ್ರೋಗ್ರಾಂ ಹೊಸ ಮಷೀನಿನಲ್ಲಿ ಓಡುತ್ತಿರುವುದು ಆ ಅಂಕಿಯ ದಯೆಯಿಂದ. ಅದರ ಬಗ್ಗೆ ಮಾತ್ರ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.