ಡ್ರಮ್ಮರ್ ಇಲ್ಲದ ಬ್ಯಾಂಡು, ಇಪ್ಪತ್ತು ಹಾಡು

ಕಫೆ ತಕುಬಾ ಅನ್ನೋದು ಮೆಕ್ಸಿಕೋದ ಒಂದು ಬ್ಯಾಂಡು. ನಾಲ್ಕೇ ಜನ. ರೂಬೆನ್ ಅಲ್ಬಾರ್ರಾನ್ ಹಾಡ್ತಾನೆ, ಎಮ್ಯಾನುಯೆಲ್ ದೆಲ್ ರಿಯಾಲ್ ಕೀಬೋರ್ಡು, ಹೊಸೆಲೊ ಮತ್ತು ಕೀಕೆ ರಾಂಗೆಲ್ ಅನ್ನೋ ಅಣ್ಣತಮ್ಮಂದಿರದ್ದು ಗಿಟಾರು, ಬೇಸು. ಡ್ರಮ್ಮರ್ ಇಲ್ಲ. 1994ರಲ್ಲಿ ಬಂದ ಅವರ ಎರಡನೇ ಆಲ್ಬಮ್ಮು 'ರೆ'ಯಲ್ಲಿ ಹೆಚ್ಚಿನ ಕಡೆ ತಾಳ ಹಿಡಿದಿರೋದು ಡ್ರಮ್ ಮೆಷೀನು. ದಾವಣಗೆರೆಯ ಆರ್ಕೆಸ್ಟ್ರಾಗಳಲ್ಲಿ ರಿದಮ್ ಪ್ಯಾಡ್ ಬಾರಿಸಿಯೇ ಹೊಟ್ಟೆ ಹೊರೆಯೋ ನನ್ನಂಥವನಿಗೆ ಇಷ್ಟು ಗೊತ್ತಾದರೆ ಸಾಕು, ಆ ಬ್ಯಾಂಡನ್ನ ಕೇಳದೆ ಬಿಡೋಕಾಗಲ್ಲ.

ನನಗೆ ಇದು ಸಿಕ್ಕಿದ್ದು ಅಕ್ಕನ ಮಗನಿಂದ. ಅವನು 'ದಿ ಲಾಸ್ಟ್ ಆಫ್ ಅಸ್' ಅನ್ನೋ ವಿಡಿಯೋ ಗೇಮ್ ಆಡ್ತಾ ಕೂತಿದ್ದ. ನನ್ನ ಕಿವಿಯೆಲ್ಲ ಅದರ ತಂತಿವಾದ್ಯದ ಮೇಲೆ. ಮಾಡಿದವರು ಯಾರು ಅಂತ ಹುಡುಕಿದರೆ ಗುಸ್ತಾವೊ ಸಾಂತಾವೊಲಾಯಾ. ಅರ್ಜೆಂಟೀನಾದವನು, 'ಬ್ರೋಕ್‌ಬ್ಯಾಕ್ ಮೌಂಟನ್', 'ಬೇಬಲ್' ಎರಡಕ್ಕೂ ಸಂಗೀತಕ್ಕೆ ಆಸ್ಕರ್ ಹೊಡೆದವನು. ಅದಕ್ಕೂ ಎಷ್ಟೋ ವರ್ಷ ಮೊದಲು 'ರೆ'ಯ ನಿರ್ಮಾಪಕ ಆಗಿದ್ದವನೂ ಅವನೇ. ಒಬ್ಬ ಮನುಷ್ಯ ಅಲ್ಲಿ ಅಷ್ಟು ಮೌನ, ಇಲ್ಲಿ ಇಷ್ಟು ಗದ್ದಲ!

ಗದ್ದಲ ಅಂದ್ರೆ ಏನು ಸಾಮಾನ್ಯವೇ? ಇಪ್ಪತ್ತು ಹಾಡು, ಸುಮಾರು ಒಂದು ಗಂಟೆ. ಪೋಲ್ಕಾ ಅನ್ನೋ ಕುಣಿತದ ಹಾಡು ಮುಗಿಯುತ್ತಲೇ ಫಂಕ್, ಅದರ ಬೆನ್ನಿಗೆ ಗಂಟಲು ಹರಿಯೋ ಮೆಟಲ್, ಅದರ ಬೆನ್ನಿಗೆ ಬೊಲೆರೊ ಅನ್ನೋ ಎದೆ ಕರಗೋ ಪ್ರೇಮಗೀತೆ. "ಮಾಮ, ಇದು ಒಂದೇ ಬ್ಯಾಂಡಾ?" ಅಂದ ಹುಡುಗ. ರಾಕ್ ಬರೆಯುವವರು ಈ ಆಲ್ಬಮ್ ಬಗ್ಗೆ ಹೇಳೋವಾಗ 'ಪ್ರಯೋಗ', 'ಬೆರಕೆ' ಅಂತೆಲ್ಲ ದೊಡ್ಡ ಮಾತು ಎತ್ತುತ್ತಾರೆ. ರೋಲಿಂಗ್ ಸ್ಟೋನ್ ಪತ್ರಿಕೆ 2012ರಲ್ಲಿ ಲ್ಯಾಟಿನ್ ರಾಕ್ ಆಲ್ಬಮ್‌ಗಳ ಪಟ್ಟಿ ಮಾಡಿ ಇದನ್ನೇ ಮೊದಲ ಸ್ಥಾನಕ್ಕೆ ಕೂರಿಸಿತು. ಕೂರಿಸಲಿ, ಸಂತೋಷ. ಆದರೆ ಪ್ರಯೋಗ ಅನ್ನೋ ಮಾತು ನಾನು ಒಪ್ಪಲ್ಲ. ಗಣಪತಿ ಪೆಂಡಾಲಿನಲ್ಲಿ ನಾವು ಮೊದಲು ವಿಘ್ನೇಶ್ವರನ ಸ್ತುತಿ ಬಾರಿಸ್ತೀವಿ, ಆಮೇಲೆ ಭಾವಗೀತೆ, ಆಮೇಲೆ ಜಾನಪದ, ಹತ್ತು ಗಂಟೆ ದಾಟಿದ ಮೇಲೆ ಟಪ್ಪಾಂಗುಚ್ಚಿ. ಅದೇ ಐದಾರು ಜನ, ಅದೇ ಪ್ಯಾಡು. ನಮ್ಮನ್ನ ಯಾರೂ ಪ್ರಯೋಗಶೀಲರು ಅಂದಿಲ್ಲ! ಊರಿನ ಕಿವಿ ಇರೋದೇ ಹಾಗೆ, ಅದಕ್ಕೆ ಎಲ್ಲವೂ ಬೇಕು. ಮೆಕ್ಸಿಕೋ ಸಿಟಿಯ ಅಂಚಿನ ಸಿಯುದಾದ್ ಸತೆಲಿತೆ ಅನ್ನೋ ಬಡಾವಣೆಯಲ್ಲಿ ಬೆಳೆದ ಈ ಹುಡುಗರ ಕಿವಿಗೂ ರೇಡಿಯೋ, ಮದುವೆ, ಬೀದಿ ಎಲ್ಲ ಒಟ್ಟಿಗೇ ಬಿದ್ದಿರಬೇಕು.

ಹಾಗಿದ್ದೂ ಇಪ್ಪತ್ತು ಹಾಡು ಚೆಲ್ಲಾಪಿಲ್ಲಿ ಆಗಿಲ್ಲ ಯಾಕೆ? ಮೆಷೀನಿನಿಂದ, ಅನ್ನೋದು ನನ್ನ ವಾದ. ಒಳ್ಳೇ ಡ್ರಮ್ಮರ್ ಕೂತಿದ್ದರೆ ಪೋಲ್ಕಾಕ್ಕೊಂದು ಗತ್ತು, ಮೆಟಲ್‌ಗೊಂದು ಗತ್ತು ತೋರಿಸಿ ಪ್ರತಿ ಹಾಡನ್ನೂ ಅದರದರ ಮನೆಗೆ ಬಿಟ್ಟು ಬರ್ತಿದ್ದ. ಮೆಷೀನಿಗೆ ಆ ಸೊಕ್ಕಿಲ್ಲ. ಎಲ್ಲದರ ಕೆಳಗೂ ಅದೇ ಒಣ ಟಕ್ ಟಕ್. ಅದರ ಮೇಲೆ ಕೀಕೆಯ ನಿಂತು ನುಡಿಸೋ ದೊಡ್ಡ ಬೇಸು ಮಾತ್ರ ಮನುಷ್ಯನ ಹಾಗೆ ಉಸಿರಾಡುತ್ತೆ. 2003ರ 'ಕ್ವಾತ್ರೊ ಕಮಿನೋಸ್'ನಲ್ಲಿ ನಿಜವಾದ ಡ್ರಮ್ಸ್ ತಂದರು. ಚೆನ್ನಾಗಿದೆ. ಆದರೆ ಅದು ರಾಕ್ ಬ್ಯಾಂಡಿನ ಆಲ್ಬಮ್ಮು, ಇದು ಊರಿನ ಆಲ್ಬಮ್ಮು.

ನನಗೆ ಎಲ್ಲಕ್ಕಿಂತ ಹತ್ತಿರ ಆಗಿದ್ದು 'ಎಲ್ ಫಿನ್ ದೆ ಲಾ ಇನ್ಫಾನ್ಸಿಯಾ'. ಪೂರಾ ಹಿತ್ತಾಳೆ ವಾದ್ಯ, ಮೆಕ್ಸಿಕೋದವರು ಬಾಂದಾ ಅಂತಾರೆ. ನಮ್ಮ ಮಂಡಿಪೇಟೆಯಲ್ಲಿ ಮದುವೆ ದಿಬ್ಬಣ ಹೋಗೋವಾಗ ಬ್ಯಾಂಡ್‌ಸೆಟ್ಟಿನವರು ಊದ್ತಾರಲ್ಲ, ಅದೇ ಉಬ್ಬಸ, ಅದೇ ಒಂಚೂರು ಶ್ರುತಿ ತಪ್ಪಿದ ಸಂಭ್ರಮ. ನಮಗೆ ಆ ಕಹಳೆಗಳು ಬ್ರಿಟಿಷರ ಪಟಾಲಮ್ಮಿನಿಂದ ಬಂದವು. ಉತ್ತರ ಮೆಕ್ಸಿಕೋಕ್ಕೆ ಪೋಲ್ಕಾ, ಅಕಾರ್ಡಿಯನ್ನು ಬಂದಿದ್ದು ಯುರೋಪಿನಿಂದ ವಲಸೆ ಬಂದ ಜರ್ಮನ್ನರು, ಜೆಕ್ಕರಿಂದ. ಎರಡೂ ಕಡೆ ಈಗ ಅವನ್ನ ಪರದೇಶಿ ವಾದ್ಯ ಅಂದ್ರೆ ಜನ ನಗ್ತಾರೆ.

'ತ್ರೋಪಿಕೋ ದೆ ಕಾನ್ಸೆರ್' ಹಾಡಲ್ಲಿ ಸಾಲ್ವಡೋರ್ ಅನ್ನೋ ಒಬ್ಬ ಕಂಪನಿ ಕೆಲಸ ಬಿಟ್ಟು ಹೊರಟಿದ್ದಾನೆ. ಇನ್ನೂ ಇಷ್ಟೊಂದು ಹಸಿರು ಉಳಿದಿರೋವಾಗ ಯಾಕಪ್ಪ ಹೋಗ್ತೀಯ ಅಂತ ಜೊತೆಯವರು ಕೇಳ್ತಾರೆ, ಅಂದ್ರೆ ಅಗೆಯೋದು ಇನ್ನೂ ಬಾಕಿ ಇದೆ ಅಂತ. ಹೊಳಲ್ಕೆರೆ, ಭೀಮಸಮುದ್ರದ ಕಡೆ ಕಾರ್ಯಕ್ರಮ ಕೊಟ್ಟು ಬಂದಾಗೆಲ್ಲ ಪ್ಯಾಡಿನ ಸಂದಿಯಲ್ಲಿ ಅದಿರಿನ ಕೆಂಪು ಧೂಳು ಒರೆಸಿದ ಕೈ ನಂದು. ಆ ವ್ಯಂಗ್ಯವನ್ನ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು 'ಲಾ ಇಂಗ್ರಾತಾ'. ಆಲ್ಬಮ್ಮಿನಲ್ಲಿ ಎಲ್ಲರಿಗೂ ಗೊತ್ತಿರೋ ಹಾಡು, ಕಾಲು ತಾನಾಗೇ ಕುಣಿಯುತ್ತೆ. ಮಾತು ಕೇಳಿದರೆ ಮಾತ್ರ ಕೈಕೊಟ್ಟ ಹುಡುಗಿಗೆ ಎರಡು ಗುಂಡು ಹೊಡೀತೀನಿ ಅಂತಿರೋ ಗಂಡಸು. ರಾಂಚೆರಾ ಅನ್ನೋ ಮೆಕ್ಸಿಕೋದ ಹಳೇ ಹಳ್ಳಿ ಹಾಡುಗಳ ಅಣಕ ಅದು ಅಂತ ಸಮರ್ಥನೆ ಇತ್ತು. ಆದರೂ 2017ರಲ್ಲಿ, ಹೆಂಗಸರ ಕೊಲೆಗಳ ಬಗ್ಗೆ ಆ ದೇಶದಲ್ಲಿ ಸಿಟ್ಟು ಏರಿದ್ದ ಕಾಲಕ್ಕೆ, ಇದನ್ನ ಇನ್ನು ವೇದಿಕೆ ಮೇಲೆ ಹಾಡಲ್ಲ ಅಂದುಬಿಟ್ಟ ಅಲ್ಬಾರ್ರಾನ್. ತಮ್ಮ ದೊಡ್ಡ ಹಿಟ್ಟುಗಳಲ್ಲಿ ಒಂದನ್ನೇ! ನಮ್ಮ ತಂಡದ ಗಾಯಕನಿಗೆ ಇದನ್ನ ಹೇಳಿದರೆ, "ಕುಣಿಯೋರು ಮಾತು ಎಲ್ಲಿ ಕೇಳ್ತಾರ ಬಿಡಣ್ಣ" ಅಂದ. ಸ್ಪೀಕರ್ ಪಕ್ಕ ಕೂರೋ ಹೆಣ್ಣುಮಕ್ಕಳು ಕೇಳ್ತಾರೆ. ನಾನು ನೋಡಿದೀನಿ, ಕೆಲವು ಹಾಡಿಗೆ ಅವರು ಮುಖ ತಿರುಗಿಸಿಕೊಳ್ಳೋದನ್ನ. ಹುಡುಗಿಗೆ ಶಾಪ ಹಾಕೋ ಹಾಡಿನ ಚೀಟಿ ಬಂದ್ರೆ ಈಗ ನಾನು ಅದನ್ನ ಪ್ಯಾಡಿನ ಅಡಿಗೆ ತಳ್ಳಿಬಿಡ್ತೀನಿ. ಗಾಯಕನಿಗೆ ಇದು ಗೊತ್ತು, ಬೈತಾನೆ.

ಕುಂದು ಇಲ್ಲದ ಆಲ್ಬಮ್ಮೇನಲ್ಲ. 'ಎಲ್ ಬೊರ್ರೇಗೊ'ದ ಕಿರುಚಾಟ ನನಗೆ ಆಗಿಬರಲ್ಲ, ದಾಟಿಸ್ತೀನಿ. ದ್ವಿತೀಯಾರ್ಧದಲ್ಲಿ ಎರಡು ಮೂರು ಹಾಡು ಕಮ್ಮಿ ಇದ್ದಿದ್ದರೂ ನಡೀತಿತ್ತು. ಹೊಸಬರು ಮೊದಲು 'ಎಸಾ ನೋಚೆ' ಕೇಳಿ, ಆಮೇಲೆ 'ಲಾಸ್ ಫ್ಲೋರೆಸ್', ಆಮೇಲೆ ಮೊದಲಿಂದ ಹಾಕಿ. ಮೊಬೈಲ್ ಸ್ಪೀಕರಿನಲ್ಲಿ ಮಾತ್ರ ಬೇಡ, ಕೀಕೆಯ ಬೇಸು ಕೇಳಿಸೋದೇ ಇಲ್ಲ.