ಚಿಕ್ಕಪ್ಪನ ಠೇವಣಿ

14 ಮೇ 2023, ಭಾನುವಾರ

ನಿನ್ನೆ ವಿಧಾನಸಭೆ ಓಟಿನ ಎಣಿಕೆ, ಬೆಳಗಿನಿಂದ ರಾತ್ರಿವರೆಗೂ ಟಿ.ವಿ. ಮುಂದೆ ಕೂತು ಕಣ್ಣು ಉರಿ. ಊರಿಗೆ ಹೋದರಾದರೂ ತಪ್ಪೀತು ಅಂದುಕೊಂಡರೆ ಅಲ್ಲಿ ಇನ್ನೂ ಜಾಸ್ತಿ. ಅರಳಿಕಟ್ಟೆ ಮೇಲೆ ಹುಡುಗರು ಚಿಕ್ಕಬಳ್ಳಾಪುರದ ಪ್ರದೀಪ್ ಈಶ್ವರ್ ಭಾಷಣವನ್ನೇ ಮತ್ತೆ ಮತ್ತೆ ಮೊಬೈಲಲ್ಲಿ ಹಾಕಿಕೊಂಡು ಕೂತಿದ್ದರು. ಆರೋಗ್ಯ ಸಚಿವ ಸುಧಾಕರ್ 2013ರಿಂದ ಆ ಕ್ಷೇತ್ರ ಬಿಟ್ಟುಕೊಟ್ಟವರಲ್ಲ. ನೀಟ್ ಕೋಚಿಂಗ್ ನಡೆಸುವ ಈ ಪ್ರದೀಪ್ ಮೇಷ್ಟ್ರು ಬಂದು 10,642 ಓಟಿನಲ್ಲಿ ಮಗುಚಿಬಿಟ್ಟರು.

ಚಿಕ್ಕಪ್ಪನಿಗೆ ಇದು ಸಂತೋಷ ಕೊಡಬೇಕಿತ್ತು. ಕೊಟ್ಟಿಲ್ಲ.

‘ಗೆದ್ದ, ಸರಿ. ಆದ್ರೆ ಅವ್ನ ಹಿಂದೆ ಪಕ್ಷ ಇತ್ತು ಕಣವ್ವ. ಹಸ್ತದ ಗುರ್ತಿತ್ತು. ಬೂತಲ್ಲಿ ಕೂರಕ್ಕೆ ಜನ ಇದ್ರು. ನನಗೇನಿತ್ತು? ಒಂದು ಹೊಲಿಗೆ ಯಂತ್ರ.’

‘ಅದೂ ಮನೇದಲ್ಲ, ಎಲೆಕ್ಷನ್‌ನವರು ಕೊಟ್ಟಿದ್ದು’ ಅಂತ ಒಳಗಿನಿಂದ ಚಿಕ್ಕಮ್ಮ.

1994. ಮುಖ್ಯ ಚುನಾವಣಾ ಆಯುಕ್ತ ಶೇಷನ್ ಕಾಲ. ಗೋಡೆ ಮೇಲೆ ಬರೆಯುವ ಹಾಗಿಲ್ಲ, ಮೈಕಿಗೆ ಹೊತ್ತುಗೊತ್ತು. ಹಣವಿಲ್ಲದವನಿಗೆ ಇದೇ ಸಮಯ ಅಂತ ಚಿಕ್ಕಪ್ಪ ಪಕ್ಷೇತರನಾಗಿ ನಿಂತ. ಆಗ ಠೇವಣಿ 250 ರೂಪಾಯಿ, ಸೂಚಕ ಒಬ್ಬ ಸಾಕು. (ಎರಡು ವರ್ಷದ ಮೇಲೆ ತಮಿಳುನಾಡಿನ ಮೊಡಕುರಿಚ್ಚಿಯಲ್ಲಿ ಒಂದೇ ಕ್ಷೇತ್ರಕ್ಕೆ 1,033 ಜನ ನಿಂತು ಮತಪತ್ರವೇ ಪುಸ್ತಕವಾಯಿತು. ಅದೇ ವರ್ಷ ಕಾನೂನು ಬದಲಾಗಿ ಠೇವಣಿ 5,000ಕ್ಕೆ ಏರಿತು, ಪಕ್ಷೇತರರಿಗೆ ಹತ್ತು ಸೂಚಕರು ಬೇಕಾದರು. ಈಗ 10,000. ಈ ಸಲ ಯಾದಗಿರಿಯಲ್ಲಿ ಒಬ್ಬರು ಅಷ್ಟನ್ನೂ ಒಂದು ರೂಪಾಯಿ ನಾಣ್ಯದಲ್ಲಿ ಕಟ್ಟಿದರಂತೆ. ಎಣಿಸಿದ ಗುಮಾಸ್ತರ ಪಾಡು ನೆನೆದರೆ ನಗು ಬರುತ್ತದೆ.)

ಯಾಕೆ ನಿಂತೆ ಅಂತ ನಾನು ಇದುವರೆಗೆ ಕೇಳೇ ಇರಲಿಲ್ಲ. ಮನೆಯಲ್ಲಿ ಅದು ತಮಾಷೆಯ ವಿಷಯ, ಅಷ್ಟೆ. ಇವತ್ತು ಕೇಳಿದೆ.

‘ನಾಲೆ ನೀರು ಕೊನೇ ಊರಿಗೆ ಬರ್ತಿರ್ಲಿಲ್ಲ, ಅದಕ್ಕೆ.’

‘ಎಮ್ಮೆಲ್ಲೆ ಮೇಲೆ ಸಿಟ್ಟಿತ್ತಾ?’

‘ಅಯ್ಯೋ, ಅವರ ಮೇಲೆ ಯಾಕವ್ವ ಸಿಟ್ಟು? ನಮ್ಮವ್ವ ತೀರ್ಕೊಂಡಾಗ ಮಣ್ಣಿಗೆ ಬಂದಿದ್ರು. ನಿಮ್ಮಪ್ಪನ ಮದ್ವೇಲಿ ಕೊನೇ ಪಂಕ್ತೀವರೆಗೂ ಇದ್ದು ಉಂಡು, ಮುಯ್ಯಿ ಮಾಡಿ ಹೋದ್ರು. ಯಾರ ಮನೇಲಿ ಎಷ್ಟು ಎಮ್ಮೆ ಅಂತ ಹೇಳೋರು. ನಾನು ಓಟು ಕೇಳಕ್ಕೆ ಹೋದ್ರೆ ಜನ ಏನನ್ನೋರು ಗೊತ್ತಾ? ನೀನು ಹೇಳೋದೆಲ್ಲ ನಿಜ ಕಣಪ್ಪ, ಆದ್ರೆ ಅವರು ಇದ್ದಾರಲ್ಲ!’

ಒಂದು ದಿನ ಟೀ ಅಂಗಡಿಯಲ್ಲಿ ಆ ಶಾಸಕರೇ ಎದುರು ಸಿಕ್ಕರಂತೆ. ಎಲ್ಲಿ, ನಿನ್ನ ಕರಪತ್ರ ಕೊಡು ಅಂತ ಇಸಕೊಂಡು, ಕನ್ನಡಕ ಹಾಕಿ, ಕೊನೆಯ ಸಾಲಿನವರೆಗೂ ಓದಿದರಂತೆ. ‘ನಾಲೆ ವಿಚಾರ ಸರಿಯಾಗೇ ಬರೆದಿದ್ದೀಯ. ಅಕ್ಷರ ಸಣ್ಣ ಆಯ್ತು. ವಯಸ್ಸಾದೋರು ಹೆಂಗೆ ಓದ್ತಾರೆ?’ ಟೀ ದುಡ್ಡೂ ಅವರೇ ಕೊಟ್ಟು ಹೊರಟರು. ಚಿಕ್ಕಪ್ಪ ಇದನ್ನು ಹೇಳುವಾಗ ಮುಖದಲ್ಲಿ ಇದ್ದದ್ದು ಅಭಿಮಾನವೋ ಅವಮಾನವೋ ನನಗಂತೂ ತಿಳಿಯಲಿಲ್ಲ. ಇಂಥವರನ್ನು ಸೋಲಿಸುವುದು ಹೇಗೆ? ಕೆಟ್ಟವರಾಗಿದ್ದರೆ ಬೈದಾದರೂ ಓಟು ಕೇಳಬಹುದಿತ್ತು.

ಬಂದ ಓಟು? ಚಿಕ್ಕಪ್ಪನ ಪ್ರಕಾರ ನಾನೂರು ಚಿಲ್ಲರೆ, ಚಿಕ್ಕಮ್ಮನ ಪ್ರಕಾರ ಮುನ್ನೂರು. ಆರರಲ್ಲಿ ಒಂದು ಪಾಲು ಬರದಿದ್ದರೆ ಠೇವಣಿ ಹೋಯಿತು. ಹೋಯಿತು. ಈ ಸಲ ಕನಕಪುರದಲ್ಲಿ ಸಚಿವ ಅಶೋಕ್ ಅವರದ್ದೂ ಹೋಗಿದೆ, ಡಿ.ಕೆ. ಶಿವಕುಮಾರ್ ಲೀಡೇ 1,22,392. ಇದನ್ನು ಮಾತ್ರ ಚಿಕ್ಕಪ್ಪ ಪೇಪರಿನಲ್ಲಿ ಪೆನ್ನಿನಿಂದ ಗೆರೆ ಎಳೆದು ಇಟ್ಟುಕೊಂಡಿದ್ದಾರೆ. ಆದರೆ ಅಶೋಕ್ ಅವರಿಗೆ ಪದ್ಮನಾಭನಗರ ಇತ್ತು, ಅಲ್ಲಿ ಗೆದ್ದರು. ಚಿಕ್ಕಪ್ಪನಿಗೆ ಎರಡನೇ ಕ್ಷೇತ್ರ ಎಲ್ಲಿಂದ ಬರಬೇಕು.

ಸಮಾಧಾನಕ್ಕೆ ಅಂತ ಇರೋಮ್ ಶರ್ಮಿಳಾ ವಿಷಯ ಎತ್ತಿದೆ. ಎತ್ತಬಾರದಿತ್ತೇನೋ. ಸೇನೆಗೆ ವಿಶೇಷಾಧಿಕಾರ ಕೊಡುವ ಕಾಯ್ದೆ ರದ್ದಾಗಲಿ ಅಂತ 2000ದಿಂದ 2016ರವರೆಗೆ ಉಪವಾಸ ಇದ್ದಾಕೆ, ಮೂಗಿನ ನಳಿಕೆಯಲ್ಲೇ ಆಹಾರ. ಉಪವಾಸ ಬಿಟ್ಟು ಮರುವರ್ಷ ಮಣಿಪುರದ ತೌಬಾಲ್‌ನಲ್ಲಿ ಮುಖ್ಯಮಂತ್ರಿ ಇಬೋಬಿ ಸಿಂಗ್ ಎದುರೇ ನಿಂತರು, ಸೈಕಲ್ಲಿನಲ್ಲಿ ಪ್ರಚಾರ.

‘ಎಷ್ಟು ಬಂತು?’

‘90.’

ಚಿಕ್ಕಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ನಿಲ್ಲಿಸಿದರು. ‘ಸಾವಿರವಾ?’

‘ಇಲ್ಲ. ಬರೀ 90. ನೋಟಾಗೆ 143.’

ಆಮೇಲೆ ಬಹಳ ಹೊತ್ತು ಮಾತಿಲ್ಲ. ಆಕೆ ನಂತರ ಬೆಂಗಳೂರಿಗೆ ಬಂದಿದ್ದರು, 2019ರಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದು ಅಲ್ಲೇ ಅಂದೆ. ಚಿಕ್ಕಮ್ಮ ಮಾತ್ರ ‘ಬಾಣಂತನ ಯಾರು ಮಾಡಿದ್ರಂತೆ?’ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ.

ಮಾವಿನಹಣ್ಣು ಈ ವರ್ಷ ಹುಳಿ. ಕರೆಂಟು ಎರಡು ಸಲ ಹೋಯಿತು.

ಸಂಜೆ ಗೆದ್ದ ಪಕ್ಷದ ಹುಡುಗನೊಬ್ಬ ಬಂದ. ಎಣಿಕೆಗೆ ಏಜೆಂಟಾಗಿ ಕೂತಿದ್ದವನು. ಗೆರೆ ಹಾಳೆಯ ಮೇಲೆ ಬೂತ್ ನಂಬರು, ಪಕ್ಕದಲ್ಲಿ ಮೂರು ಪಕ್ಷದ ಓಟು, ಕೊನೆಗೆ ‘ಇತರೆ’ ಅಂತ ಒಂದು ಸಾಲು. ‘ನಿಮ್ಮ ಬೀದಿಯೋರು ಕೈಕೊಟ್ಟವ್ರೆ ಬುಡಿ, ಅಣ್ಣಂಗೂ ಗೊತ್ತು’ ಅಂದು ನಕ್ಕು ಹೋದ. ನಗುತ್ತಲೇ ಅಂದದ್ದು, ನಿಜ. ಆದರೂ ಚಿಕ್ಕಮ್ಮ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದರು.

‘ನಮ್ಮ ಕಾಲದಲ್ಲಿ ಎಲ್ಲ ಪೆಟ್ಟಿಗೆ ಚೀಟೀನೂ ಬೆರೆಸಿ ಎಣಿಸ್ತಿದ್ರು ಕಣವ್ವ’ ಅಂದರು ಚಿಕ್ಕಪ್ಪ. ‘ಯಾವೂರು ಹಾಕ್ತು, ಯಾವೂರು ಹಾಕ್ಲಿಲ್ಲ, ಒಂದೂ ತಿಳೀತಿರ್ಲಿಲ್ಲ. ಸೋತ ಮಾರನೇ ದಿನ ಊರೋರೆಲ್ಲ ಬಂದು, ನಾವು ನಿನಗೇ ಹಾಕಿದ್ವಿ ಅಂದ್ರು. ನಾನೂ ಹೂಂ ಅಂದೆ.’

ನಾನು ಇದನ್ನು ಈ ರೀತಿ ಯೋಚಿಸಿಯೇ ಇರಲಿಲ್ಲ. ಈಗಿನ ಯಂತ್ರಗಳನ್ನೂ ಜೋಡಿಸಿ ಒಟ್ಟಿಗೆ ಎಣಿಸಬಹುದು, ಅದಕ್ಕೆ ಟೋಟಲೈಸರ್ ಅನ್ನುವ ಸಾಧನ ಬಳಸೋಣ ಅಂತ ಚುನಾವಣಾ ಆಯೋಗವೇ ಹೇಳಿತ್ತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಗೆದ್ದ ಹಾಲಿ ಶಾಸಕರಿಗೆ ಯಾವ ಕೇರಿಯ ರಸ್ತೆಗೆ ಟಾರು ಬೇಡ ಅಂತ ಲೆಕ್ಕ ಸಿಗುತ್ತದೆ. ಎದುರು ನಿಂತ ಬಡಪಾಯಿಗೆ ತನ್ನ ಊರಿನಲ್ಲೇ ತನಗೆ ಸೊನ್ನೆ ಅನ್ನುವುದು ಗೊತ್ತಾಗುತ್ತದೆ. ಹೊಸಬರು ನಿಲ್ಲಲು ಹೆದರುತ್ತಾರೆ ಅಂದಾಗ ನಾವು ದುಡ್ಡಿನ ಮಾತು ಮಾತ್ರ ಆಡುತ್ತೇವೆ.

ಹೊರಡುವಾಗ ಚಿಕ್ಕಪ್ಪ ಗೇಟಿನ ತನಕ ಬಂದು, ದನಿ ತಗ್ಗಿಸಿ, ಈ ಸಲ ನಮ್ಮಲ್ಲಿ ನಿಂತಿದ್ದ ಪಕ್ಷೇತರ ಹುಡುಗನಿಗೆ ನಮ್ಮ ಬೂತಲ್ಲಿ ಎಷ್ಟು ಬಿತ್ತು ನೋಡಿ ಹೇಳು ಅಂದರು. ಬೂತುವಾರು ಓಟಿನ ಪಟ್ಟಿ, ಫಾರಂ 20, ಇನ್ನೂ ವೆಬ್‌ಸೈಟಿಗೆ ಬಂದಿಲ್ಲ, ಬಂದ ಮೇಲೆ ನೋಡುತ್ತೇನೆ ಅಂದೆ. ‘ನಂದೊಂದು ಇದ್ದೇ ಇರ್ಬೇಕು’ ಅಂದರು.

ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಎರಡು ಅಂತ ಬಂದರೆ ಇನ್ನೊಂದು ಚಿಕ್ಕಮ್ಮನದೇ. ಒಂದೇ ಬಂದರೆ ಚಿಕ್ಕಪ್ಪನಿಗೆ ಏನು ಹೇಳುವುದು? ಚಿಕ್ಕಮ್ಮನಿಗೆ ಮೊದಲೇ ಫೋನು ಮಾಡಿ ಕೇಳಬಹುದು, ಆದರೆ ಹಾಗೆ ಕೇಳುವುದೂ ಆ ಏಜೆಂಟ್ ಹುಡುಗ ಮಾಡಿದ್ದೂ